ಕೇಳುವುದು ಜಗಳವಲ್ಲ



ನಮ್ಮ ನುಡಿಯಲ್ಲಿ 'ಕೇಳು' ಎಂಬ ಒಂದೇ ಧಾತುವಿಗೆ ಎರಡು ಅರ್ಥಗಳುಂಟು. ಕಿವಿಗೊಟ್ಟು ಆಲಿಸುವುದೂ ಕೇಳುವುದೇ. ಬಾಯ್ದೆರೆದು ಪ್ರಶ್ನಿಸುವುದೂ ಕೇಳುವುದೇ. ಈ ಹೊತ್ತು ಬಾನುಲಿಯ ಮುಂದೆ ಕುಳಿತಿರುವ ನೀವು ಮೊದಲನೆಯ ಅರ್ಥದಲ್ಲಿ ಕೇಳುಗರು. ಎರಡನೆಯ ಅರ್ಥದಲ್ಲಿಯೂ ನೀವು ಕೇಳುಗರಾಗಬೇಕೆಂದು ವಿಜ್ಞಾಪಿಸಿಕೊಳ್ಳಲು ನಾನು ಬಂದಿದ್ದೇನೆ. ಕಾರು ಮಾರುವ ಮಳಿಗೆಯಲ್ಲಿ, ಎಂದರೆ ನಾವೆಲ್ಲರೂ ಶೋರೂಮ್ ಎಂದು ಕರೆಯುವ ಸ್ಥಳದಲ್ಲಿ, ಗ್ರಾಹಕನು ಅನುಭವಿಸುವ ಉಪೇಕ್ಷೆ ಮತ್ತು ಅದನ್ನು ಎದುರಿಸತಕ್ಕ ಬಗೆ, ಇದೇ ಇಂದಿನ ವಿಷಯ.

ಸಂಸಾರವಂದಿಗನ ಬಾಳಿನಲ್ಲಿ ಮನೆ ಕಟ್ಟುವುದೊಂದನ್ನು ಬಿಟ್ಟರೆ ಕಾರು ಕೊಳ್ಳುವುದೇ ಬಹುಶಃ ಅತ್ಯಂತ ದೊಡ್ಡ ವೆಚ್ಚ. ವರ್ಷಗಟ್ಟಲೆ ಕೂಡಿಟ್ಟ ಹಣ, ಬ್ಯಾಂಕಿನ ಸಾಲ, ಬಣ್ಣವನ್ನು ಕುರಿತು ಮಕ್ಕಳ ವಾದ, ಮುಹೂರ್ತವನ್ನು ಕುರಿತು ಹಿರಿಯರ ಆಗ್ರಹ, ಇವೆಲ್ಲವೂ ಒಂದು ಬೆಳಗ್ಗೆ ಬೀಗದ ಕೈಯೊಂದರ ರೂಪವನ್ನು ತಳೆದು ಅಂಗೈಗೆ ಬರುತ್ತವೆ. ಆ ದಿನದ ಉಪಚಾರವನ್ನು ನೀವು ಬಲ್ಲಿರಿ. ಕಾರಿಗೆ ಹೂವಿನ ಹಾರ. ಗಾಲಿಗಳ ಕೆಳಗೆ ನಿಂಬೆಹಣ್ಣು. ಮನೆಮಂದಿಗೆಲ್ಲ ಸಿಹಿ. ಸಿಬ್ಬಂದಿಯ ಚಪ್ಪಾಳೆ, ಒಂದು ಫೋಟೊ. ಮೂರು ತಿಂಗಳು ಕಳೆದ ಬಳಿಕ ಅದೇ ಮನುಷ್ಯನು ಅದೇ ಕಾರನ್ನು ಏನೋ ಸದ್ದು ಬರುತ್ತಿದೆಯೆಂದು ಅದೇ ಕಟ್ಟಡದ ಹಿಂಬದಿಯ ಸರ್ವಿಸ್ ವಿಭಾಗಕ್ಕೆ ತಂದಾಗ, ಬೆಳಗಿನ ಒಂಬತ್ತರಿಂದ ಮಧ್ಯಾಹ್ನದ ಎರಡರವರೆಗೆ ಕುರ್ಚಿಯಲ್ಲಿ ಕುಳಿತು, ಯಾರು ತನ್ನ ಹೆಸರನ್ನು ಕೂಗುವರೋ ಎಂದು ಮುಖಗಳನ್ನು ನೋಡುತ್ತಿರುತ್ತಾನೆ. ಹಾರ ಹಾಕಿದವರಿಗೆ ಅವನ ಗುರುತೇ ಇರುವುದಿಲ್ಲ.

ಹೀಗೇಕೆ ಆಗುತ್ತದೆ? ನಾವು ಏಕೆ ಸುಮ್ಮನಿರುತ್ತೇವೆ? ಇದಕ್ಕೆ ಹಳೆಯದೊಂದು ಕಾರಣವುಂಟು. 1980ರ ದಶಕದ ಆರಂಭದವರೆಗೂ ನಮ್ಮ ದೇಶದಲ್ಲಿ ಕಾರೆಂದರೆ ಅಂಬಾಸಡರ್, ಪ್ರೀಮಿಯರ್ ಪದ್ಮಿನಿ ಮುಂತಾದ ಎಣಿಸಬಹುದಾದಷ್ಟೇ ಹೆಸರುಗಳು. ಹಣ ಕಟ್ಟಿ ವರ್ಷಗಳ ಕಾಲ ಸರದಿ ಕಾಯಬೇಕಾಗಿತ್ತು. ಅಂಥ ಕಾಲದಲ್ಲಿ ಮಾರುವವನು ದಾತನೂ ಕೊಳ್ಳುವವನು ಯಾಚಕನೂ ಆಗಿದ್ದುದು ಆಶ್ಚರ್ಯವಲ್ಲ. 1983ರ ಡಿಸೆಂಬರಿನಲ್ಲಿ ಮಾರುತಿ 800ರ ಮೊದಲ ಬೀಗದ ಕೈ ಗ್ರಾಹಕನ ಕೈಸೇರಿತು, ಮುಂದೆ 1990ರ ದಶಕದಲ್ಲಿ ಹಲವು ಕಂಪನಿಗಳು ಬಂದವು, ಸರದಿ ಕರಗಿತು. ಆದರೆ ಸರದಿಯಲ್ಲಿ ನಿಂತವನ ವಿನಯವು ನಮ್ಮ ಬೆನ್ನುಮೂಳೆಯಲ್ಲಿ ಉಳಿದುಕೊಂಡಿತು. ನಾವು ಇಂದಿಗೂ, ನಮ್ಮದೇ ಹಣವನ್ನು ತೆತ್ತು, 'ಸ್ವಲ್ಪ ನೋಡಿಕೊಡಿ ಸಾರ್' ಎನ್ನುತ್ತೇವೆ.

ಆದುದರಿಂದ ನನ್ನ ಮೊದಲ ಮಾತು ಇಷ್ಟೇ. ಗ್ರಾಹಕನು ಯಾಚಕನಲ್ಲ, ಅವನು ಕೇಳುವುದು ಜಗಳವೂ ಅಲ್ಲ. ಈ ಒಂದು ಮಾತನ್ನು ಮೂರು ಸಂದರ್ಭಗಳಲ್ಲಿ ಪರಿಶೀಲಿಸೋಣ. ಕೊಳ್ಳುವ ಮುನ್ನ, ದುರಸ್ತಿಗೆ ಬಿಟ್ಟಾಗ, ಮತ್ತು ಎಷ್ಟು ಕೇಳಿದರೂ ಅವರು ಕೇಳಿಸಿಕೊಳ್ಳದಿದ್ದಾಗ.

ಮೊದಲು, ಕೊಳ್ಳುವ ಮುನ್ನ ಕೇಳಬೇಕಾದುದು.

ಶೋರೂಮಿನಲ್ಲಿ ನಿಮಗೆ ಹೇಳುವ ದರ 'ಆನ್ ರೋಡ್' ದರ. ಅದು ಒಂದು ಮೊತ್ತ. ಅದರ ಹೊಟ್ಟೆಯೊಳಗೆ ಹಲವು ಮೊತ್ತಗಳಿರುತ್ತವೆ. ಎಕ್ಸ್ ಶೋರೂಮ್ ದರ, ಜೀವಾವಧಿ ತೆರಿಗೆ, ನೋಂದಣಿ ಶುಲ್ಕ, ವಿಮೆ, ಹೆಚ್ಚುವರಿ ವಾರಂಟಿ, ಆಕ್ಸೆಸರೀಸ್, ಕೆಲವೊಮ್ಮೆ 'ಹ್ಯಾಂಡ್ಲಿಂಗ್' ಎಂಬ ಹೆಸರಿನ ಒಂದು ಬಾಬತ್ತು. ಇವನ್ನು ಒಂದೊಂದಾಗಿ ಬಿಡಿಸಿ ಕಾಗದದ ಮೇಲೆ ಬರೆದುಕೊಡಿರೆಂದು ಕೇಳಿರಿ. ಯಾವುದು ಸರ್ಕಾರಕ್ಕೆ ಸಲ್ಲುವುದು, ಯಾವುದು ಅಂಗಡಿಗೆ ಸಲ್ಲುವುದು ಎಂಬುದು ಆಗ ತಾನಾಗಿ ಬಯಲಾಗುತ್ತದೆ. ಅಂಗಡಿಗೆ ಸಲ್ಲುವ ಬಾಬತ್ತುಗಳಲ್ಲಿ ನಿಮಗೆ ಬೇಡವಾದುದನ್ನು ಬೇಡವೆನ್ನಬಹುದು. ಕಾರಿನ ಬೆಲೆ ಹತ್ತು ಲಕ್ಷವನ್ನು ಮೀರಿದ್ದರೆ ನೂರಕ್ಕೆ ಒಂದರಂತೆ ಆದಾಯ ತೆರಿಗೆಯ ಬಾಬತ್ತೂ ಸೇರುತ್ತದೆ. ಅದು ನಿಮ್ಮ ಖಾತೆಯಲ್ಲಿ ಜಮೆಯಾಗುವ ತೆರಿಗೆ, ಆದಾಯದ ವಿವರ ಸಲ್ಲಿಸುವಾಗ ಅದನ್ನು ಲೆಕ್ಕಕ್ಕೆ ತಂದುಕೊಳ್ಳಬಹುದು. ಇದನ್ನು ಅರಿಯದೆ ಆ ಹಣವನ್ನು ಮರೆತವರು ಎಷ್ಟೋ ಮಂದಿ.

ವಿಮೆಯ ವಿಷಯದಲ್ಲಿ ವಿಶೇಷವಾಗಿ ಒಂದು ಮಾತು. 'ವಿಮೆಯನ್ನು ನಮ್ಮಲ್ಲಿಯೇ ಮಾಡಿಸಬೇಕು, ಇಲ್ಲದಿದ್ದರೆ ಗಾಡಿ ಬೇಗ ಬರುವುದಿಲ್ಲ' ಎಂಬ ಮಾತನ್ನು ನಿಮ್ಮಲ್ಲಿ ಅನೇಕರು ಕೇಳಿರಬಹುದು. ಶೋರೂಮಿನವರು ವಿಮೆಯನ್ನು ಮಾರಬಹುದು. ಆದರೆ ಕೊಳ್ಳಲೇಬೇಕೆಂದು ಬಲಾತ್ಕರಿಸುವಂತಿಲ್ಲ. ಈ ಅರ್ಥದ ನಿಯಮಾವಳಿಯನ್ನು ವಿಮಾ ನಿಯಂತ್ರಣ ಪ್ರಾಧಿಕಾರವು 2017ರಲ್ಲಿಯೇ ಜಾರಿಗೆ ತಂದಿದೆ. ಆಯ್ಕೆ ನಿಮ್ಮದು.

ಇನ್ನು ಕಾರನ್ನು ಮನೆಗೆ ತರುವ ದಿನ. ಹಾರ ಹಾಕುವ ಮೊದಲು ಅರ್ಧ ಗಂಟೆಯ ಕಾಲ ಹಗಲಿನ ಬೆಳಕಿನಲ್ಲಿ ಅದರ ಸುತ್ತ ನಡೆಯಿರಿ. ಬಣ್ಣದ ಮೇಲೆ ಗೀರುಗಳಿವೆಯೆ? ಗಾಜುಗಳ ಅಂಚು ಸರಿಯಾಗಿದೆಯೆ? ಸ್ಟೆಪ್ನಿ, ಜಾಕಿ ಇವೆಯೆ? ಎಷ್ಟು ಕಿಲೋಮೀಟರು ಓಡಿದೆ? ತಯಾರಾದ ತಿಂಗಳು, ವರ್ಷ ಯಾವುದು? ಕಾರಿನ ಮೈಮೇಲೆ ಕೊರೆದಿರುವ ಹದಿನೇಳು ಅಕ್ಷರಾಂಕಗಳ ಚಾಸಿಸ್ ಸಂಖ್ಯೆಯೂ ಫಾರಂ 21 ಎಂಬ ಮಾರಾಟದ ಪ್ರಮಾಣಪತ್ರದಲ್ಲಿರುವ ಸಂಖ್ಯೆಯೂ ಒಂದೇ ಆಗಿವೆಯೆ? ತಾತ್ಕಾಲಿಕ ನೋಂದಣಿಯನ್ನಾದರೂ ಮಾಡಿಸದೆ ವಾಹನವನ್ನು ಕೊಳ್ಳುವವನ ವಶಕ್ಕೆ ಕೊಡತಕ್ಕದ್ದಲ್ಲವೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ವಿಧಿಸಿವೆ. ಮುಹೂರ್ತದ ಅವಸರದಲ್ಲಿ ಇದನ್ನು ಮರೆಯಬೇಡಿರಿ.

ಇಷ್ಟೆಲ್ಲ ಶಂಕೆ ಬೇಕೆ ಎಂದು ನೀವು ಕೇಳಬಹುದು. 2021ರ ಫೆಬ್ರುವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಮಾನಿಸಿದ ಒಂದು ಮೊಕದ್ದಮೆಯನ್ನು ಹೇಳುತ್ತೇನೆ. ಗೋವಾದ ಗ್ರಾಹಕನೊಬ್ಬನು 2011ರಲ್ಲಿ ಹೊಸ ಕಾರಿಗೆಂದು ಹಣ ತೆತ್ತನು. ಅವನಿಗೆ ಬಂದದ್ದು 2009ರಲ್ಲಿ ತಯಾರಾಗಿ, ಆಗಲೇ ಸುಮಾರು 600 ಕಿಲೋಮೀಟರು ಓಡಿದ್ದ ಕಾರು. ಅವನು ಅದನ್ನು ಒಪ್ಪಿಕೊಳ್ಳದೆ ನ್ಯಾಯ ಕೇಳಿದನು. ಮಾರಿದ ಡೀಲರನ ಹೊಣೆ ಸ್ಥಿರವಾಯಿತು. ಆದರೆ ತಯಾರಿಸಿದ ಕಂಪನಿಗೆ ಈ ಕೃತ್ಯದ ಅರಿವಿತ್ತೆಂಬುದು ಸಿದ್ಧವಾಗದ ಕಾರಣ ಅದನ್ನು ಹೊಣೆಯಿಂದ ಬಿಡಲಾಯಿತು. ಇದರಿಂದ ನಾವು ಕಲಿಯತಕ್ಕುದು ಒಂದುಂಟು. ಬಾಗಿಲ ಮೇಲೆ ಕಂಪನಿಯ ಹೆಸರು ಎಷ್ಟೇ ದೊಡ್ಡದಾಗಿ ಬರೆದಿರಲಿ, ಒಳಗೆ ಕುಳಿತಿರುವವನು ಬೇರೆಯೇ ಆದ ಒಬ್ಬ ವ್ಯಾಪಾರಿ. ಅವನು ಮಾಡಿದ್ದನ್ನು ಕಂಪನಿಯು ತಾನಾಗಿ ಅರಿಯುವುದಿಲ್ಲ. ಅದಕ್ಕೆ ಅರಿವು ಮಾಡಿಕೊಡಬೇಕಾದವರು ನಾವು.

ಕೇಳುಗರೆ, ಇಲ್ಲಿಯವರೆಗಿನ ಮಾತನ್ನು ಒಮ್ಮೆ ಕೂಡಿಸಿಕೊಳ್ಳೋಣ. ದರವನ್ನು ಬಿಡಿಬಿಡಿಯಾಗಿ ಬರೆಯಿಸಿಕೊಳ್ಳಿ. ವಿಮೆಯನ್ನು ನೀವೇ ಆಯ್ದುಕೊಳ್ಳಿ. ಹಾರಕ್ಕಿಂತ ಮೊದಲು ಪರೀಕ್ಷೆ. ಈಗ ಎರಡನೆಯ ಸಂದರ್ಭ, ಕಾರನ್ನು ದುರಸ್ತಿಗೆ ಬಿಟ್ಟಾಗಿನದು. ಇಲ್ಲಿ ನನ್ನ ಸ್ವಂತ ಅನುಭವವೊಂದನ್ನು ಸ್ವಲ್ಪ ವಿಸ್ತಾರವಾಗಿ ಹೇಳಲು ಅನುಮತಿ ಬೇಡುತ್ತೇನೆ.

ನನ್ನ ಕಾರಿಗೆ ಆಗ ಎಂಟು ತಿಂಗಳು. ಹಳ್ಳದ ರಸ್ತೆಯಲ್ಲಿ ನಿಧಾನವಾಗಿ ಹೋಗುವಾಗ, ಎಡಗಡೆಯ ಮುಂದಿನ ಗಾಲಿಯ ಬಳಿ, ಮರದ ಪೆಟ್ಟಿಗೆಯೊಳಗೆ ಗೋಲಿಯೊಂದು ಉರುಳಿದಂತೆ ಟಕಟಕ ಎಂಬ ಸದ್ದು ಬರತೊಡಗಿತು. ಸರ್ವಿಸ್ ವಿಭಾಗಕ್ಕೆ ಒಯ್ದೆ. ಅಲ್ಲಿನ ಸರ್ವಿಸ್ ಅಡ್ವೈಸರ್ ವಿನಯವುಳ್ಳ ಯುವಕ. ನಾನು ಹೇಳಿದ್ದನ್ನೆಲ್ಲ ತಲೆಯಾಡಿಸುತ್ತ ಕೇಳಿದನು. ಸಂಜೆ ಕಾರನ್ನು ಫಳಫಳನೆ ತೊಳೆದು ಕೊಟ್ಟು, 'ಸರಿಹೋಗಿದೆ ಸಾರ್' ಎಂದನು. ಮನೆಗೆ ಬರುವಷ್ಟರಲ್ಲಿ ಸದ್ದೂ ಜೊತೆಗೆ ಬಂದಿತು. ಎರಡನೆಯ ಸಲ ಹೋದೆ. ಮತ್ತೆ ತೊಳೆದು ಕೊಟ್ಟರು. ಮೂರನೆಯ ಸಲ, 'ಹೊಸ ಗಾಡಿಗಳಲ್ಲಿ ಇಷ್ಟು ಸದ್ದು ಇದ್ದದ್ದೇ, ಓಡಿಸುತ್ತಾ ಸರಿಹೋಗುತ್ತದೆ' ಎಂಬ ಸಮಾಧಾನ ದೊರೆಯಿತು. ನಾನು ಕೋಪಗೊಂಡೆ. ಧ್ವನಿ ಏರಿಸಿ ಮಾತನಾಡಿದೆ. ಆ ಹುಡುಗನು ತಲೆ ತಗ್ಗಿಸಿ ನಿಂತನು. ಸುತ್ತಲಿದ್ದವರು ನೋಡಿದರು. ಸದ್ದು ಮಾತ್ರ ಇದ್ದ ಹಾಗೆಯೇ ಇತ್ತು.

ಆ ರಾತ್ರಿ ಮೂರು ಭೇಟಿಗಳ ಕಾಗದಗಳನ್ನು ಹರಡಿಕೊಂಡು ಕುಳಿತೆ. ಜಾಬ್ ಕಾರ್ಡ್ ಎಂಬುದು ನಿಮಗೆ ತಿಳಿದಿದೆ. ಕಾರನ್ನು ಒಳಗೆ ತೆಗೆದುಕೊಳ್ಳುವಾಗ ದೂರುಗಳನ್ನು ಬರೆದುಕೊಳ್ಳುವ ಹಾಳೆ. ಮೂರರಲ್ಲಿಯೂ, ಗ್ರಾಹಕನ ದೂರು ಎಂಬ ಅಂಕಣದಲ್ಲಿ, ಬರೆದಿದ್ದುದು ಎರಡೇ ಶಬ್ದ: 'ಜನರಲ್ ಚೆಕಪ್'. ಕೆಳಗೆ ನನ್ನ ಸಹಿ. ಆಗ ನನಗೆ ತಿಳಿಯಿತು. ಆ ಯುವಕನು ನನ್ನ ಮಾತನ್ನು ಕೇಳಿದ್ದನು. ಆದರೆ ಒಳಗೆ ಗಾಡಿಯ ಕೆಳಗೆ ಮಲಗಿ ಕೆಲಸ ಮಾಡುವ ಮೆಕ್ಯಾನಿಕ್ಕನಿಗೆ ಅದು ತಲುಪಿರಲೇ ಇಲ್ಲ. ಅವನಿಗೆ ತಲುಪುವುದು ಹಾಳೆಯೊಂದೇ. ಹಾಳೆಯಲ್ಲಿ ಇಲ್ಲದ ಸದ್ದು ಅವನ ಪಾಲಿಗೆ ಇಲ್ಲವೇ ಇಲ್ಲ. ನಾನು ಮೂರು ಸಲ ಬಾಯಲ್ಲಿ ಕೇಳಿ, ಮೂರು ಸಲ ಕಾಗದದಲ್ಲಿ ಮೌನವಾಗಿದ್ದೆ.

ನಾಲ್ಕನೆಯ ಸಲ ಹೋದಾಗ ಧ್ವನಿ ಏರಿಸಲಿಲ್ಲ. 'ನಾನು ಹೇಳಿದ ಹಾಗೆಯೇ ಬರೆಯಬೇಕು' ಎಂದು ಮಾತ್ರ ಹೇಳಿದೆ. ಎಡಗಡೆ ಮುಂದಿನ ಗಾಲಿಯ ಬಳಿ ಸದ್ದು; ಹಳ್ಳದ ರಸ್ತೆಯಲ್ಲಿ, ಇಪ್ಪತ್ತು ಕಿಲೋಮೀಟರು ವೇಗದಲ್ಲಿ; ಇದು ನಾಲ್ಕನೆಯ ಭೇಟಿ; ಹಿಂದಿನ ಭೇಟಿಗಳು ಇಂಥಿಂಥ ದಿನಾಂಕ. ಅವನು ಬರೆದನು. ನಾನು ಓದಿ ಸಹಿ ಮಾಡಿದೆ. 'ಮೆಕ್ಯಾನಿಕ್ಕನು ನನ್ನೊಡನೆ ಒಂದು ಸುತ್ತು ಬರಲಿ' ಎಂದು ಕೇಳಿದೆ. ಬಂದನು. ಶೋರೂಮಿನ ಹಿಂದಿನ ಹಾಳು ರಸ್ತೆಯಲ್ಲಿ ನೂರು ಗಜ ಹೋಗುವುದರೊಳಗೆ, ಮಧ್ಯವಯಸ್ಸಿನ ಆ ಕುಶಲಿಯು, ಕಿವಿಯನ್ನು ಕಿಟಕಿಯ ಕಡೆಗೆ ಬಾಗಿಸಿ, 'ಲಿಂಕ್ ರಾಡ್ ಸಾರ್, ಬುಷ್ ಹೋಗಿದೆ' ಎಂದನು. ಮರುದಿನ ವಾರಂಟಿಯಲ್ಲಿಯೇ ಹೊಸದನ್ನು ಹಾಕಿಕೊಟ್ಟರು. ನಾಲ್ಕು ತಿಂಗಳ ಸಂಕಟ. ಒಂದು ದಿನದ ಕೆಲಸ.

ಈ ಅನುಭವದಿಂದ ಹುಟ್ಟಿದ ಕೆಲವು ಸಲಹೆಗಳನ್ನು ನಿಮ್ಮ ಮುಂದಿಡುತ್ತೇನೆ. ಜಾಬ್ ಕಾರ್ಡಿನಲ್ಲಿ ನಿಮ್ಮ ದೂರನ್ನು ನಿಮ್ಮ ಮಾತಿನಲ್ಲಿಯೇ ಬರೆಯಿಸಿರಿ. ಕನ್ನಡದಲ್ಲಿ ಬರೆದರೂ ದೂರು ದೂರೇ. ಓದದೆ ಸಹಿ ಮಾಡಬೇಡಿರಿ. ಒಂದು ಪ್ರತಿಯನ್ನು ಕೇಳಿ ಪಡೆಯಿರಿ. ತಗಲುವ ಖರ್ಚಿನ ಅಂದಾಜನ್ನು ಮುಂಚೆಯೇ ಬರೆಯಿಸಿಕೊಂಡು, ಅದಕ್ಕಿಂತ ಹೆಚ್ಚಾಗುವುದಾದರೆ ನಿಮ್ಮನ್ನು ಕೇಳದೆ ಮುಂದುವರಿಯಬಾರದೆಂದು ಅದರಲ್ಲಿಯೇ ಸೇರಿಸಿರಿ. ಹಣ ತೆತ್ತು ಬದಲಾಯಿಸಿದ ಭಾಗಗಳಿದ್ದರೆ ಹಳೆಯವನ್ನು ತೋರಿಸಲು ಕೇಳಿರಿ. ಕಾರನ್ನು ಹಿಂಪಡೆಯುವಾಗ, ಕೆಲಸ ತೃಪ್ತಿಕರವಾಗಿದೆ ಎಂಬ ಹಾಳೆಗೆ ಸಹಿ ಕೇಳುತ್ತಾರೆ. ಒಂದು ಸುತ್ತು ಓಡಿಸಿ ನೋಡಿದ ಮೇಲೆಯೇ ಸಹಿ. ಸದ್ದು ಇನ್ನೂ ಇದ್ದರೆ, 'ಸದ್ದು ಹಾಗೆಯೇ ಇದೆ' ಎಂದು ಸಹಿಯ ಪಕ್ಕದಲ್ಲಿ ಬರೆಯಿರಿ.

ಎರಡು ದಿನಗಳ ಬಳಿಕ ಒಂದು ದೂರವಾಣಿ ಕರೆ ಬರುತ್ತದೆ. ಹತ್ತಕ್ಕೆ ಎಷ್ಟು ಅಂಕ ಕೊಡುವಿರಿ ಎಂದು ಕೇಳುತ್ತಾರೆ. 'ಹತ್ತಕ್ಕೆ ಹತ್ತು ಕೊಟ್ಟುಬಿಡಿ ಸಾರ್, ಇಲ್ಲದಿದ್ದರೆ ನನಗೆ ತೊಂದರೆ' ಎಂದು ಅಡ್ವೈಸರನು ಮೊದಲೇ ಬೇಡಿಕೊಂಡಿರುತ್ತಾನೆ. ನಮ್ಮ ಮನಸ್ಸು ಕರಗುತ್ತದೆ, ಕರಗುವುದು ಸಹಜ. ಆದರೂ ಸತ್ಯವನ್ನೇ ಹೇಳಿರಿ. ಆ ಹುಡುಗನ ನಡತೆ ಒಳ್ಳೆಯದಾಗಿದ್ದರೆ ಅದನ್ನು ಹೊಗಳಿರಿ. ಕೆಲಸ ಆಗಿಲ್ಲದಿದ್ದರೆ ಅದನ್ನೂ ಹೇಳಿರಿ. ಸುಳ್ಳು ಹತ್ತು ಅಂಕಗಳು ಆ ಹುಡುಗನಿಗೂ ದೀರ್ಘಕಾಲದ ಉಪಕಾರವಲ್ಲ. ಮುಂದೆ ಬರುವ ಗ್ರಾಹಕನಿಗಂತೂ ಅಪಕಾರ.

ಮತ್ತೊಮ್ಮೆ ಹೇಳುತ್ತೇನೆ. ಕೊಳ್ಳುವ ಮುನ್ನ ಬಿಡಿಸಿ ಕೇಳುವುದು ಮೊದಲನೆಯದು. ದುರಸ್ತಿಯಲ್ಲಿ ಬರೆಯಿಸಿ ಕೇಳುವುದು ಎರಡನೆಯದು. ಇಷ್ಟು ಮಾಡಿಯೂ ಅವರು ಕೇಳಿಸಿಕೊಳ್ಳದಿದ್ದರೆ? ಅದು ಮೂರನೆಯ ಸಂದರ್ಭ.

ಅಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರಬೇಕು. ಮೊದಲು ಸರ್ವಿಸ್ ಮ್ಯಾನೇಜರರಿಗೆ ಒಂದು ಪತ್ರ ಅಥವಾ ಇಮೇಲ್. ಕಾರಿನ ನೋಂದಣಿ ಸಂಖ್ಯೆ, ಭೇಟಿಗಳ ದಿನಾಂಕ, ತೊಂದರೆ ಏನು, ನಿಮಗೆ ಬೇಕಾದ ಪರಿಹಾರ ಏನು, ಎಷ್ಟು ದಿನಗಳೊಳಗೆ. ಒಂದು ಪುಟ ಸಾಕು. ಬೈಗುಳದ ಒಂದು ಶಬ್ದವೂ ಬೇಡ. ಉತ್ತರ ಬಾರದಿದ್ದರೆ ಅದೇ ಪತ್ರವನ್ನು ಡೀಲರನ ಮಾಲೀಕರಿಗೂ ಕಾರು ತಯಾರಿಸಿದ ಕಂಪನಿಗೂ ಕಳುಹಿಸಿರಿ. ಗೋವಾದ ಮೊಕದ್ದಮೆಯನ್ನು ನೆನೆಯಿರಿ. ಕಂಪನಿಗೆ ತಿಳಿಸಿದ್ದೆವೆಂಬುದಕ್ಕೆ ನಮ್ಮಲ್ಲಿ ಆಧಾರವಿರಬೇಕು.

ಅದರಿಂದಲೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ. ಸಂಖ್ಯೆ 1915. ಬರೆದುಕೊಳ್ಳಿ: ಒಂದು, ಒಂಬತ್ತು, ಒಂದು, ಐದು. ಕನ್ನಡದಲ್ಲಿಯೂ ಮಾತನಾಡಬಹುದು. ಅದು ನ್ಯಾಯಾಲಯವಲ್ಲ, ನಿಮ್ಮ ದೂರನ್ನು ಕಂಪನಿಗೆ ತಲುಪಿಸಿ ಉತ್ತರ ಕೇಳುವ ಮಧ್ಯಸ್ಥಿಕೆ. ಎಷ್ಟೋ ದೂರುಗಳು ಆ ಹಂತದಲ್ಲಿಯೇ ತೀರುತ್ತವೆ.

ಕೊನೆಯ ಮೆಟ್ಟಿಲು ಜಿಲ್ಲಾ ಗ್ರಾಹಕ ಆಯೋಗ. 1986ರ ಡಿಸೆಂಬರ್ 24ರಂದು ನಮ್ಮ ದೇಶದ ಮೊದಲ ಗ್ರಾಹಕ ಸಂರಕ್ಷಣಾ ಕಾಯಿದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದಿತು. ಅದರ ಸ್ಥಾನದಲ್ಲಿ 2019ರ ಹೊಸ ಕಾಯಿದೆ ಬಂದು, 2020ರ ಜುಲೈಯಿಂದ ಜಾರಿಯಲ್ಲಿದೆ. ಸಾಮಾನ್ಯನಿಗೆ ಅದು ಕೊಟ್ಟಿರುವ ಅನುಕೂಲಗಳನ್ನು ನಿಧಾನವಾಗಿ ಹೇಳುತ್ತೇನೆ. ನೀವು ತೆತ್ತ ಬೆಲೆ 50 ಲಕ್ಷದೊಳಗಿದ್ದರೆ ದೂರು ಜಿಲ್ಲಾ ಆಯೋಗಕ್ಕೆ. ಕಾರನ್ನು ಬೇರೆ ಊರಿನಲ್ಲಿ ಕೊಂಡಿದ್ದರೂ ನೀವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ಶುಲ್ಕ ಅತ್ಯಲ್ಪ: 5 ಲಕ್ಷದವರೆಗೆ ಏನೂ ಇಲ್ಲ, 10 ಲಕ್ಷದವರೆಗೆ 200 ರೂಪಾಯಿ, 20 ಲಕ್ಷದವರೆಗೆ 400. ವಕೀಲರಿಲ್ಲದೆ ನೀವೇ ವಾದಿಸಬಹುದು. ಆದರೆ ತೊಂದರೆ ಉಂಟಾದ ಎರಡು ವರ್ಷಗಳೊಳಗೆ ದೂರು ಸಲ್ಲಿಸಬೇಕು. 'ಮುಂದಿನ ಸರ್ವಿಸಿನಲ್ಲಿ ನೋಡೋಣ' ಎಂಬ ಮಾತನ್ನು ನಂಬಿ ಈ ಅವಧಿಯನ್ನು ಕಳೆದುಕೊಳ್ಳಬೇಡಿರಿ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಟ್ಯಾಕ್ಸಿ ಕೊಂಡ ಚಾಲಕನೂ ಈ ಕಾಯಿದೆಯ ಕಣ್ಣಿನಲ್ಲಿ ಗ್ರಾಹಕನೇ. ಗಾಡಿ ನಿಂತ ದಿನ ಅವನ ಒಲೆಯೂ ಉರಿಯುವುದಿಲ್ಲವಾದ್ದರಿಂದ, ಇದನ್ನು ಅವನು ಎಲ್ಲರಿಗಿಂತ ಮೊದಲು ತಿಳಿದಿರಬೇಕು.

ಇಲ್ಲಿ ಪ್ರಾಮಾಣಿಕವಾಗಿ ಎರಡು ಎಚ್ಚರಿಕೆಗಳನ್ನೂ ಹೇಳಬೇಕು. ಮೂರರಿಂದ ಐದು ತಿಂಗಳೊಳಗೆ ತೀರ್ಪು ಎಂಬುದು ಕಾಯಿದೆಯ ಆಶಯ. ನಡೆಯಲ್ಲಿ ಹೆಚ್ಚು ಕಾಲ ಹಿಡಿಯುವುದುಂಟು. ಮತ್ತು ಒಂದು ಭಾಗ ಕೆಟ್ಟರೆ ಇಡೀ ಕಾರನ್ನೇ ಬದಲಿಸಿಕೊಡಬೇಕೆಂಬ ಬೇಡಿಕೆ ಸುಲಭವಾಗಿ ನಿಲ್ಲುವುದಿಲ್ಲ. ಕ್ಲಚ್ಚಿನ ದೋಷವನ್ನು ಕುರಿತ ಮೊಕದ್ದಮೆಯೊಂದರಲ್ಲಿ, ವಾರಂಟಿಯು ಕೆಟ್ಟ ಭಾಗವನ್ನು ಸರಿಪಡಿಸುವ ಅಥವಾ ಬದಲಿಸುವ ವಾಗ್ದಾನವೆಂದು 2006ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಆದುದರಿಂದ ನ್ಯಾಯವಾದುದನ್ನು, ಅಳತೆಯಲ್ಲಿ ಕೇಳಿರಿ. ಅಳತೆಯಲ್ಲಿ ಕೇಳಿದುದು ಗಟ್ಟಿಯಾಗಿ ನಿಲ್ಲುತ್ತದೆ.

ಮೂರು ಸಂದರ್ಭಗಳು ಮುಗಿದವು. ಬಿಡಿಸಿ ಕೇಳಿ. ಬರೆಯಿಸಿ ಕೇಳಿ. ಮೆಟ್ಟಿಲು ಮೆಟ್ಟಿಲಾಗಿ ಕೇಳಿ. ಇನ್ನು ಉಳಿದಿರುವುದು ಕೇಳುವ ರೀತಿ.

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಾರದೆಂದು ನಮ್ಮ ಹಿರಿಯರು ಎಚ್ಚರಿಸಿದ್ದಾರೆ. ಶೋರೂಮಿನ ಮೇಜಿನ ಆಚೆಗೆ ನಿಂತಿರುವ ಆ ಯುವಕನೋ ಯುವತಿಯೋ ನಮ್ಮ ನಿಮ್ಮಂಥವರದೇ ಮನೆಯ ಮಕ್ಕಳು. ತಿಂಗಳ ಟಾರ್ಗೆಟ್ಟಿನ ಕೆಳಗೆ ನಲುಗುತ್ತಿರುವವರು. ಮೂರನೆಯ ಭೇಟಿಯ ದಿನ ನಾನು ಆ ಹುಡುಗನ ಮೇಲೆ ಧ್ವನಿ ಏರಿಸಿದ್ದು ತಪ್ಪು. ಅವನಿಗೆ ಸರಿಪಡಿಸುವ ಅಧಿಕಾರವಿರಲಿಲ್ಲ, ಬರೆದುಕೊಳ್ಳುವ ಅಧಿಕಾರವಿತ್ತು. ನಾನು ಅವನಿಂದ ಕೇಳಬೇಕಾಗಿದ್ದುದು ಅದನ್ನೇ. ಕಾಯಿದೆಯು ನಮಗೆ ಕೊಟ್ಟಿರುವ ಹಕ್ಕುಗಳಲ್ಲಿ, ನಮ್ಮ ಮಾತನ್ನು ಕೇಳಿಸಿಕೊಳ್ಳಬೇಕೆಂಬ ಹಕ್ಕೂ ಒಂದು. ಕಿರುಚಿದ ಮಾತಿಗೆ ಎಲ್ಲರೂ ಕಿವಿ ಮುಚ್ಚಿಕೊಳ್ಳುತ್ತಾರೆ. ಬರೆದ ಮಾತಿಗೆ ಯಾರಾದರೊಬ್ಬರು ಉತ್ತರ ಬರೆಯಲೇಬೇಕಾಗುತ್ತದೆ.

ಮೊನ್ನೆ ವಾರ್ಷಿಕ ಸರ್ವಿಸಿಗೆಂದು ಮತ್ತೆ ಅಲ್ಲಿಗೆ ಹೋಗಿದ್ದೆ. ಅದೇ ಯುವಕನಿದ್ದನು. ನನ್ನನ್ನು ಕಂಡು ನಕ್ಕು, ಜಾಬ್ ಕಾರ್ಡಿನ ಹಲಗೆಯನ್ನು ನನ್ನ ಕಡೆಗೆ ತಿರುಗಿಸಿ ಹಿಡಿದು, 'ಹೇಳಿ ಸಾರ್, ಹೇಗೆ ಬರೆಯಲಿ?' ಎಂದು ಕೇಳಿದನು. ನಾನು ಹೇಳಿದೆ, ಅವನು ಬರೆದನು. ನನ್ನ ಹಿಂದೆ ನಿಂತಿದ್ದ ವೃದ್ಧರೊಬ್ಬರು ಅದನ್ನು ನೋಡಿ, ತಮ್ಮ ಸರದಿ ಬಂದಾಗ, 'ನಂದೂ ಹಾಗೇ ಬರ್ಕೊಳಪ್ಪಾ' ಎಂದರು. ಅವನು ಲೇಖನಿ ಎತ್ತಿಕೊಂಡನು.